ಮಸುಕು ಅಕ್ಷರದ ಗೇಮ್ ಯಾರಿಗೆ?

2006ರಲ್ಲಿ ಕ್ಯಾಪ್‌ಕಾಮ್ ಕಂಪನಿ ಎಕ್ಸ್‌ಬಾಕ್ಸ್ 360ಕ್ಕೆ ‘ಡೆಡ್ ರೈಸಿಂಗ್’ ಗೇಮನ್ನು ತಂದಿತು. ಶಾಪಿಂಗ್ ಮಾಲ್‌ನಲ್ಲಿ ಸಿಕ್ಕಿಬಿದ್ದವರು ಎಲ್ಲಿದ್ದಾರೆ, ಯಾರನ್ನು ಕಾಪಾಡಬೇಕು ಎಂಬ ಸೂಚನೆಗಳು ವಾಕಿಟಾಕಿ ಮೂಲಕ ಬರುತ್ತಿದ್ದವು. ಆದರೆ ದನಿಯಾಗಿ ಅಲ್ಲ, ಪರದೆಯ ಮೇಲಿನ ಬರಹವಾಗಿ. ಹೊಸ ಎಚ್‌ಡಿ ಟಿವಿ ಇದ್ದವರು ಅದನ್ನು ಓದಿಕೊಂಡರು. ಆಗ ಬಹುಪಾಲು ಮನೆಗಳಲ್ಲಿ ಇನ್ನೂ ಇದ್ದದ್ದು ಹಳೆಯ ಡಬ್ಬಾ ಟಿವಿ. 720 ಸಾಲುಗಳಿಗೆಂದು ರೂಪಿಸಿದ ಚಿತ್ರವನ್ನು ಅಮೆರಿಕದ ಆ ಟಿವಿಗಳ 480 ಸಾಲುಗಳಿಗೆ ಇಳಿಸಿದಾಗ 15 ಪಿಕ್ಸೆಲ್ ಎತ್ತರದ ಅಕ್ಷರಕ್ಕೆ ಉಳಿಯುವುದು 10 ಪಿಕ್ಸೆಲ್. ಪೂರ್ತಿ ಹಣ ಕೊಟ್ಟವರಿಗೆ ಏನು ಮಾಡಬೇಕೆಂಬುದೇ ಓದಲು ಸಿಗಲಿಲ್ಲ.

ಆ ಪಾಠವನ್ನು ಉದ್ಯಮ ಬೇಗ ಮರೆಯಿತು. 2015ರ ‘ದಿ ವಿಚರ್ 3’, 2019ರ ‘ದಿ ಔಟರ್ ವರ್ಲ್ಡ್ಸ್’ ಎರಡಕ್ಕೂ ಅಕ್ಷರ ಸಣ್ಣದಾಯಿತೆಂಬ ದೂರುಗಳು ಬಂದವು. ಗೇಮ್ ಮಾರುಕಟ್ಟೆಗೆ ಬಂದ ಮೇಲೆ ಪ್ಯಾಚ್ ಹಾಕಿ ಸರಿಪಡಿಸಬೇಕಾಯಿತು. ಗೇಮ್ ಕಟ್ಟುವವರು ಕೂರುವುದು ದೊಡ್ಡ ಮಾನಿಟರಿನ ಎದುರು, ಒಂದು ಮೊಳ ದೂರದಲ್ಲಿ. ಆಡುವವರು ಕೂರುವುದು ಸೋಫಾದಲ್ಲಿ, ಇಲ್ಲವೇ ಬಸ್ಸಿನಲ್ಲಿ ಅಂಗೈಯಗಲದ ಪರದೆ ಹಿಡಿದು. ಈ ವ್ಯತ್ಯಾಸವನ್ನು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಬರೀ ಉದಾಸೀನ.

ಗಾತ್ರದ ಜೊತೆಗೆ ಮೊನಚಿನ ಸಮಸ್ಯೆಯೂ ಇದೆ. 1080 ಸಾಲಿನ ಪರದೆಗೆ ಬರೆದ ಅಕ್ಷರವನ್ನು ಚಿತ್ರವಾಗಿ ಉಳಿಸಿ 1440 ಸಾಲಿಗೆ ಹಿಗ್ಗಿಸಿದರೆ ಒಂದು ಪಿಕ್ಸೆಲ್ ದಪ್ಪದ ಗೆರೆ 1.33 ಪಿಕ್ಸೆಲ್ ಆಗಬೇಕು. ಹೀಗೆ ಹಿಗ್ಗಿಸುವಾಗ ಪಿಕ್ಸೆಲ್‌ನ ಮೂರನೇ ಒಂದು ಭಾಗವನ್ನು ಮಾತ್ರ ಬೆಳಗಿಸಲಾಗದು. ಪಕ್ಕದ ಪಿಕ್ಸೆಲ್ ಬೂದು ಬಣ್ಣಕ್ಕೆ ತಿರುಗುತ್ತದೆ, ಅಂಚು ಕರಗುತ್ತದೆ.

ಇದಕ್ಕೆ ಮದ್ದು ಸಿಕ್ಕಿ ಬಹಳ ಕಾಲವಾಯಿತು. ವಾಲ್ವ್ ಕಂಪನಿಯ ಕ್ರಿಸ್ ಗ್ರೀನ್ 2007ರ ಸಿಗ್‌ಗ್ರಾಫ್ ಸಮ್ಮೇಳನದಲ್ಲಿ ಒಂದು ಸರಳ ಉಪಾಯ ಮಂಡಿಸಿದರು. ಅಕ್ಷರದ ಬಣ್ಣವನ್ನಲ್ಲ, ಪ್ರತಿ ಬಿಂದುವಿನಿಂದ ಅಕ್ಷರದ ಅಂಚು ಎಷ್ಟು ದೂರ ಎಂಬುದನ್ನು ಉಳಿಸಿಡಿ. ಹಿಗ್ಗಿಸಿದಾಗ ಗ್ರಾಫಿಕ್ಸ್ ಚಿಪ್ ಆ ದೂರಗಳಿಂದ ಅಂಚನ್ನು ಹೊಸದಾಗಿ ಕಂಡುಕೊಳ್ಳುತ್ತದೆ. ಬರೀ 64×64 ಪಿಕ್ಸೆಲ್‌ನ ಚಿತ್ರವನ್ನು ಎಷ್ಟು ಹತ್ತಿರದಿಂದ ನೋಡಿದರೂ ಗೆರೆ ನಯವಾಗಿ ಕಾಣುತ್ತಿತ್ತು. ಕೋನಗಳು ಮಾತ್ರ ದುಂಡಗಾಗುತ್ತಿದ್ದವು. ಮುಂದೆ ವಿಕ್ಟರ್ ಕ್ಲುಮ್‌ಸ್ಕಿ ಎಂಬುವರು ಮೂರು ಬಣ್ಣದ ಪದರಗಳನ್ನೂ ಬಳಸಿಕೊಂಡು ಆ ಕೊರತೆ ನೀಗಿದರು. ಯೂನಿಟಿ ಎಂಬ ಗೇಮ್ ಎಂಜಿನ್ ಬಳಸುವವರಿಗೆಲ್ಲ ಗೊತ್ತಿರುವ, ಬರಹ ಮೂಡಿಸುವ ಸಾಧನ ಟೆಕ್ಸ್ಟ್‌ಮೆಶ್ ಪ್ರೊ ನಿಂತಿರುವುದೂ ಗ್ರೀನ್ ತೋರಿದ ದಾರಿಯ ಮೇಲೆಯೇ. ಕಡಿಮೆ ರೆಸಲ್ಯೂಷನ್‌ನಲ್ಲಿ ದೃಶ್ಯ ಬಿಡಿಸಿ ಹಿಗ್ಗಿಸುವ ಎಫ್‌ಎಸ್‌ಆರ್ ತಂತ್ರವನ್ನು ಕೊಟ್ಟ ಚಿಪ್ ಕಂಪನಿ ಎಎಂಡಿ ಕೂಡ, ದೃಶ್ಯವನ್ನು ಹಿಗ್ಗಿಸಿದ ನಂತರ ಮೆನು ಮತ್ತು ಬರಹವನ್ನು ಪರದೆಯ ಪೂರ್ಣ ರೆಸಲ್ಯೂಷನ್‌ನಲ್ಲೇ ಬಿಡಿಸಿ ಎನ್ನುತ್ತದೆ.

ಅಕ್ಷರ ಎಷ್ಟು ದೊಡ್ಡದಿರಬೇಕೆಂಬ ಅಳತೆಗಳನ್ನೂ ಕಂಪನಿಗಳು ಬರೆದಿಟ್ಟಿವೆ. ಕನ್ಸೋಲ್ ಗೇಮಿನ ಅಕ್ಷರ 1080 ಸಾಲಿನ ಪರದೆಯಲ್ಲಿ ಕನಿಷ್ಠ 26 ಪಿಕ್ಸೆಲ್, 4ಕೆಯಲ್ಲಿ 52 ಪಿಕ್ಸೆಲ್ ಇರಲಿ, ಆಟಗಾರ ಅದನ್ನು ಎರಡು ಪಟ್ಟು ಹಿಗ್ಗಿಸುವಂತಿರಲಿ ಎಂದು ಎಕ್ಸ್‌ಬಾಕ್ಸ್‌ನ ಮಾರ್ಗಸೂಚಿ ಹೇಳುತ್ತದೆ. ಕೈಯಲ್ಲಿ ಹಿಡಿದು ಆಡುವ, 1280×800 ಪರದೆಯ ಸ್ಟೀಮ್ ಡೆಕ್‌ಗೆ ವಾಲ್ವ್ ಇಟ್ಟ ಕನಿಷ್ಠ ಮಿತಿ 9 ಪಿಕ್ಸೆಲ್.

ಆ 9 ಪಿಕ್ಸೆಲ್ ಇಂಗ್ಲಿಷಿಗೆ ಹೇಗೋ ಸಾಕಾದೀತು, ಕನ್ನಡಕ್ಕೆ ಸಾಲದು. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’ ಬೇರೆಯಾಗುವುದು ಬುಡದ ಒಂದು ಪುಟ್ಟ ಸೀಳಿನಿಂದ. ಮಸುಕಿನಲ್ಲಿ ಮೊದಲು ಅಳಿಯುವುದು ಅದೇ. ‘ಸ್ತ್ರೀ’ ಎಂದು ಬರೆದರೆ ಒತ್ತುಗಳು ಗೆರೆಯ ಕೆಳಗಿಳಿಯುತ್ತವೆ. ಇಂಗ್ಲಿಷಿನ ಅಳತೆಗೆ ಮಾಡಿದ ಬಟನ್ನಿನಲ್ಲಿ ಅವು ಕತ್ತರಿಸಿಹೋಗುತ್ತವೆ. ಇನ್ನು ಟೆಕ್ಸ್ಟ್‌ಮೆಶ್ ಪ್ರೊ ಅಂಚನ್ನು ಎಷ್ಟೇ ಚೂಪಾಗಿ ಬಿಡಿಸಿದರೂ ಭಾರತೀಯ ಲಿಪಿಗಳ ಒತ್ತು, ಗುಣಿತಗಳನ್ನು ತಾನಾಗಿ ಜೋಡಿಸುತ್ತಿರಲಿಲ್ಲ. ಒಡೆದ ಪದ ಸ್ಪಷ್ಟವಾಗಿ ಕಂಡು ಏನು ಪ್ರಯೋಜನ? 2023ರಲ್ಲಿ ಬಂದ ಗೋಡೋ 4 ಎಂಬ ಗೇಮ್ ಎಂಜಿನ್, ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಒಳಗೇ ಸೇರಿಸಿಕೊಂಡು ಈ ಜೋಡಣೆಯನ್ನು ಮಾಡಿ ತೋರಿಸಿದೆ, ಅದೂ ಪುಕ್ಕಟೆಯಾಗಿ.

ಹಾಗಾಗಿ ಕನ್ನಡದಲ್ಲಿ ಗೇಮ್ ತರಲು ಹೊರಟವರು, ಅದರಲ್ಲೂ ಬೆಂಗಳೂರಿನ ಸ್ಟುಡಿಯೋಗಳವರು, ಎಂಜಿನ್ ಆರಿಸುವ ದಿನವೇ ಒತ್ತಕ್ಷರಗಳಿರುವ ನಾಲ್ಕು ಸಾಲು ಬರೆದು, ಅಗ್ಗದ ಫೋನಿನಲ್ಲೂ ದೊಡ್ಡ ಟಿವಿಯಲ್ಲೂ ಓದಿ ನೋಡಬೇಕು. ಅಕ್ಷರದ ಗಾತ್ರ ಬದಲಿಸುವ ಸೌಲಭ್ಯ ಮೊದಲ ಆವೃತ್ತಿಯಲ್ಲೇ, ಆಟ ಶುರುವಾಗುವ ಮೊದಲೇ ಕೈಗೆ ಸಿಗುವಂತಿರಬೇಕು. ಕಣ್ಣು ಮಂಜಾದ ಹಿರಿಯರೂ ಈಗ ತಾನೇ ಅಕ್ಷರ ಕೂಡಿಸಿ ಓದಲು ಕಲಿತ ಮಕ್ಕಳೂ ಅದೇ ಗೇಮನ್ನು ಆಡುತ್ತಾರೆ.