ರಿವರ್ಸ್ ಬ್ಯಾಡ, ಬ್ರೇಕ್ ಕೊಡ್ರಿ

ನಮ್ಮ ಭಾತಂಬ್ರಾದಲ್ಲಿ ಇದಕ್ಕೆ ‘ಚಾರ್ಜಿಂಗ್ ಗಾಡಿ’ ಅಂತಾರೆ. ಮೋಟಾರು, ಕಂಟ್ರೋಲರ್ ಬಹುತೇಕ ಚೀನಾದವು. ಇಲ್ಲಿ ಜೋಡಿಸಿ ಮೇಲೊಂದು ಹೊಸ ಹೆಸರಿನ ಸ್ಟಿಕರ್ ಅಂಟಿಸಿರ್ತಾರೆ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಪೆಟ್ರೋಲ್ ಬೇಡ. ಓಡಿಸೋರು ವಯಸ್ಸಾದವರು, ಕಾಲೇಜು ಹುಡುಗಿಯರು, ಹೊಲಕ್ಕೆ ಬುತ್ತಿ ಒಯ್ಯುವವರು. ದುಡ್ಡು ಕಳಿಸೋರು ಮಾತ್ರ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೂತಿರುವ ನಾವು. ಹಾಗಾಗಿ ಜಗಳ ತೆಗೆಯುವ ಹಕ್ಕೂ ನಮ್ಮದೇ.

ಅಂಗಡಿಗೆ ಹೋದರೆ ಏನು ತೋರಿಸ್ತಾರೆ? ರಿಮೋಟ್ ಕೀ, ರಿವರ್ಸ್, ಬಣ್ಣದ ಡಿಸ್‌ಪ್ಲೇ, ಬ್ಲೂಟೂತ್ ಸ್ಪೀಕರ್. ಎಲ್ಲಾ ‘ಮಾಡರ್ನ್ ಫೀಚರ್’. ಆದರೆ ಅದೇ ಚಂದದ ಡಿಸ್‌ಪ್ಲೇ ಬ್ಯಾಟರಿ ಎಷ್ಟಿದೆ ಅಂತ ನಿಜ ಹೇಳಲ್ಲ.

ಒಳಗೆ ಸಾಮಾನ್ಯವಾಗಿ 12 ವೋಲ್ಟಿನ ನಾಲ್ಕೈದು ಲೆಡ್ ಆಸಿಡ್ ಬ್ಯಾಟರಿ. ಮೀಟರ್ ಅಳೆಯೋದು ಬರೀ ವೋಲ್ಟೇಜು. ಆಕ್ಸಿಲರೇಟರ್ ತಿರುವಿದರೆ ಅದು ಕುಸಿಯುತ್ತೆ, ನಿಲ್ಲಿಸಿ ಒಂದು ಚಾ ಕುಡಿದು ಬಂದರೆ ಮತ್ತೆ ಏರಿರುತ್ತೆ. “ಗಾಡಿ ದಣಿದಿತ್ತು, ಈಗ ಆರಾಮ್ ಆಗ್ಯದ” ಅನ್ನೋದು ನಮ್ಮ ಕಾಕಾನ ವಿವರಣೆ. ಹೀಗೆ ಆರಾಮಾದ ಗಾಡಿ ಒಂದು ಸಂಜೆ ಭಾಲ್ಕಿಯಿಂದ ಬರುವಾಗ ಕತ್ತಲಲ್ಲಿ ನಿಂತುಬಿಡ್ತು. ಎಪ್ಪತ್ತು ದಾಟಿದ ಮನುಷ್ಯ ಲಾರಿಗಳ ಪಕ್ಕ ತಳ್ಳಿಕೊಂಡು ನಡೆದ; ಕೊನೆಗೆ ಟಂಟಂನವನೊಬ್ಬ ಹತ್ತಿಸಿಕೊಂಡು ಬಂದ. ಒಳಬಂದ, ಹೊರಹೋದ ಕರೆಂಟನ್ನು ಎಣಿಸುವ ಒಂದು ಸೆನ್ಸರ್, ಒಂದಿಷ್ಟು ಕೋಡ್ ಇದ್ದರೆ ಸಾಕಿತ್ತು. ಕರಾರುವಾಕ್ಕು ಇರಲ್ಲ, ಬ್ಯಾಟರಿ ಹಳೆಯದಾದಂತೆ ಲೆಕ್ಕ ತಪ್ಪುತ್ತೆ, ಆದರೂ ಇಷ್ಟು ಸುಳ್ಳಾಡಲ್ಲ. ಬ್ಲೂಟೂತ್ ಹಾಕೋಕೆ ಬಂದವರಿಗೆ ಇದು ಬರಲ್ವಾ?

ಕಾನೂನು ಇನ್ನೂ ತಮಾಷೆ. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗಿದ್ದರೆ ಅದು ‘ಮೋಟಾರು ವಾಹನ’ವೇ ಅಲ್ಲ! ನಿಯಮ ಕೇಳೋದು ‘ತಕ್ಕ’ ಬ್ರೇಕು, ಮುಂದೊಂದು ಬಿಳಿ ರಿಫ್ಲೆಕ್ಟರ್, ಹಿಂದೊಂದು ಕೆಂಪು ರಿಫ್ಲೆಕ್ಟರ್. ಹೊಸ ಪೆಟ್ರೋಲ್ ಸ್ಕೂಟರಿಗೆ 2019ರಿಂದ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಬ್ರೇಕ್ ಕಡ್ಡಾಯ, 2017ರಿಂದಲೇ ಹಗಲೂ ಉರಿಯುವ ಹೆಡ್‌ಲೈಟ್ ಕಡ್ಡಾಯ. ಚಾರ್ಜಿಂಗ್ ಗಾಡಿ ಓಡೋದೂ ಅದೇ ರಸ್ತೆ, ಬೀಳೋದೂ ಅದೇ ಗುಂಡಿ. ಮೇಲಾಗಿ ಇಂಥ ಅಗ್ಗದ ಕಂಟ್ರೋಲರ್ ಹಲವದರಲ್ಲಿ ಒಂದು ವೈರ್ ಕಿತ್ತರೆ 25ರ ಮಿತಿ ಖತಂ. ವೇಗ ಏರುತ್ತೆ, ಬ್ರೇಕ್ ಅದೇ.

“ಚೀನಾ ಮಾಲ್ ಅಲ್ರೀ, ಅಷ್ಟೇ” ಅಂತ ಕೈ ತೊಳ್ಕೊಳ್ಳೋರಿಗೆ ಒಂದು ಮಾತು. ಚೀನಾ ತನ್ನ ಜನ ಓಡಿಸುವ ಎಲೆಕ್ಟ್ರಿಕ್ ಸೈಕಲ್‌ಗಳಿಗೆ 2019ರ ಏಪ್ರಿಲ್ 15ರಿಂದ ಕಡ್ಡಾಯ ಮಾನದಂಡ ತಂದಿದೆ: 25 ಕಿ.ಮೀ. ಮಿತಿ, ಅದನ್ನು ಕಿತ್ತುಹಾಕದಂತೆ ತಡೆ, ಬ್ರೇಕ್ ಹಿಡಿದರೆ ಎಷ್ಟು ದೂರದಲ್ಲಿ ನಿಲ್ಲಬೇಕು ಅನ್ನೋ ಲೆಕ್ಕ. ಲಿಥಿಯಂ ಬ್ಯಾಟರಿಗೆ 2024ರ ನವೆಂಬರ್‌ನಿಂದ ಬೇರೆಯದೇ ಕಡ್ಡಾಯ ನಿಯಮ. ಅವರು ಕೇಳ್ತಾರೆ, ಅವರಿಗೆ ಸಿಗುತ್ತೆ. ನಾವು ಕೇಳೋದು ಕಲರ್ ಯಾವುದದ ಅಂತ.

ರೇಟು ಜಾಸ್ತಿ ಆಗುತ್ತೆ ಅಂತೀರಾ? ಸ್ಪೀಕರ್ ತೆಗೀರಿ, ರಿಮೋಟ್ ತೆಗೀರಿ. ಆ ದುಡ್ಡಿನಲ್ಲಿ ಮುಂದಿನ ಚಕ್ರಕ್ಕೆ ಒಳ್ಳೆ ಡಿಸ್ಕ್, ದಾರಿ ಕಾಣುವ ಹೆಡ್‌ಲೈಟ್, ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಮೋಟಾರ್ ತಿರುಗದಂತೆ ಒಂದು ಸ್ವಿಚ್ ಹಾಕ್ರಿ.

ದೀಪಾವಳಿಗೆ ಊರಿಗೆ ಹೋಗಿ ಗಾಡಿ ಕೊಡಿಸೋರಿದ್ದರೆ, ಹಾಡು ಬಂದ್ ಮಾಡಿಸಿ, ಹಿಂದೊಬ್ಬರನ್ನು ಕೂರಿಸಿಕೊಂಡು ಬ್ರೇಕ್ ಹಿಡಿದು ನೋಡಿ. ಬ್ಯಾಟರಿ ವಾರಂಟಿ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಕಂಟ್ರೋಲರ್ ಸುಟ್ಟರೆ ಭಾಲ್ಕಿಯಲ್ಲೇ ಸಿಗುತ್ತಾ ಅಂತ ಕೇಳಿ. “ಹೈದರಾಬಾದ್‌ನಿಂದ ತರಿಸ್ತೀವ್ರಿ” ಅಂದರೆ, ಗಾಡಿನೂ ಅವನ ಹತ್ರಾನೇ ಇರಲಿ.