ಬಯಲಿಗೆ ಬರಲಿರುವ ಗೆಲಿಲಿಯೋ

ನಾಟಕವೆಂದರೆ ಪರದೆ, ದೀಪ, ಕುರ್ಚಿಗಳ ಸಾಲು ಎಂದು ಓದಿದವರಾದ ನಾವು ಬಗೆದಿದ್ದೇವೆ. ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಆಟವೆಂದರೆ ಬಯಲಾಟ. ರಾತ್ರಿ ತೊಡಗಿ ಬೆಳಗಿಗೆ ಮುಗಿಯುವಂಥದು. ಆದುದರಿಂದ ನಮ್ಮ ವಿದ್ಯಾರ್ಥಿಗಳು ಬ್ರೆಕ್ಟನ ಗೆಲಿಲಿಯೋ ನಾಟಕವನ್ನು ಅಂದೋಲಾದ ಬಯಲಿನಲ್ಲಿ ಆಡಬೇಕೆಂದಾಗ ವಿಚಿತ್ರವೆನಿಸಿದ್ದು ಕಾಲೇಜಿನವರಾದ ನಮಗೆ ಮಾತ್ರ. “ವಿಜ್ಞಾನಿಗಳ ವಾದ ಹಳ್ಳಿಯವರಿಗೆ ತಿಳಿದೀತೇ?” ಎಂದು ಗೆಳೆಯರೊಬ್ಬರು ಕೇಳಿದರು.

ಇಂಥ ಪ್ರಯತ್ನ ಹೊಸದೇನಲ್ಲ. 1987ರ ಅಕ್ಟೋಬರ್ 2ರಂದು ಭಾರತ ಜನ ವಿಜ್ಞಾನ ಜಾಥಾದ ತಂಡಗಳು ದೇಶದ ಐದು ಕಡೆಗಳಿಂದ ಹೊರಟು, ನವೆಂಬರ್ 7ರಂದು ಭೋಪಾಲದಲ್ಲಿ ಕೂಡಿದವು. 1984ರಲ್ಲಿ ವಿಷಾನಿಲ ಸೋರಿದ ಊರದು. ಹಾಡು, ಕಿರುನಾಟಕಗಳಿಗೆ ಬೀದಿಯೇ ರಂಗವಾಯಿತು. ಆದರೆ ಜಾಥಾ ಹೆಚ್ಚಾಗಿ ತಿಳಿವಳಿಕೆ ಹೇಳಿತು. ಬ್ರೆಕ್ಟ್ ಸಂದೇಹವನ್ನು ಕಲಿಸುತ್ತಾನೆ.

ಗೆಲಿಲಿಯೋ 1632ರ ತನ್ನ ‘ಸಂವಾದ’ವನ್ನು ಪಂಡಿತರ ಲ್ಯಾಟಿನ್ನಿನಲ್ಲಿ ಬರೆಯದೆ ಜನರ ಇಟಾಲಿಯನ್ ಭಾಷೆಯಲ್ಲಿ ಬರೆದನು. ಆ ವಿಚಾರವನ್ನು ಸಂತೆಯ ಹಾಡುಗಾರರು ಬೀದಿಯಲ್ಲಿ ಹಾಡುವ ದೃಶ್ಯವೊಂದು ನಾಟಕದಲ್ಲೇ ಇದೆ. ಬಯಲನ್ನು ನಾವು ಈ ಕೃತಿಗೆ ಹೊರಗಿನಿಂದ ತರುತ್ತಿಲ್ಲ.

ಬಯಲಿಗೆ ಇನ್ನೊಂದು ಭಾಗ್ಯವುಂಟು: ಮೇಲೆ ಮಾಡಿಲ್ಲ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡದ್ದು ಗುರುಗ್ರಹದ ನಾಲ್ಕು ಚಂದ್ರರನ್ನು. ನಮ್ಮವರು ಗುರುಬಲ ನೋಡಿ ಮದುವೆ ಗೊತ್ತುಮಾಡುವುದು ಇದೇ ಗುರುವಿನಿಂದ. ಆ ಗ್ರಹ ಇರುಳೆಲ್ಲ ಕಾಣುವ ತಿಂಗಳನ್ನು ಆರಿಸಿ, ರಂಗದ ಪಕ್ಕದಲ್ಲಿ ಸಣ್ಣದೊಂದು ದೂರದರ್ಶಕವನ್ನಿಟ್ಟರೆ ಸಾಕು. ಒಳಚಂದ್ರ ಅಯೋ ಸುಮಾರು ನಲವತ್ತೆರಡೂವರೆ ಗಂಟೆಗೆ ಒಂದು ಸುತ್ತು ಮುಗಿಸುತ್ತದೆ. ಆಟದ ಮೊದಲಲ್ಲಿ ಕಂಡ ಎಡೆಯಲ್ಲಿ ಅದು ಬೆಳಗಿನ ಜಾವಕ್ಕೆ ಇರದು. ನಾಟಕದ ಪಂಡಿತರು ದೂರದರ್ಶಕದಲ್ಲಿ ಕಣ್ಣಿಡಲು ಒಲ್ಲೆನ್ನುತ್ತಿರುವಾಗ ಅಂದೋಲಾದ ರೈತನೂ ಅವನ ಮಗಳೂ ಸರದಿಯಲ್ಲಿ ನಿಂತು ನೋಡುತ್ತಾರೆ. ಸಭಾಭವನದಲ್ಲಿ ಗೆಲಿಲಿಯೋನನ್ನು ನಂಬಬೇಕು, ಬಯಲಿನಲ್ಲಿ ಪರೀಕ್ಷಿಸಬಹುದು.

ಆದರೂ ಒಂದು ಸೂಚನೆ ನನ್ನನ್ನು ಕಾಡಿತು. ಕೊನೆಯಲ್ಲಿ ಗೆಲಿಲಿಯೋ ತನ್ನನ್ನು ತಾನೇ ಖಂಡಿಸಿಕೊಳ್ಳುವ ಭಾಗವನ್ನು ಬಿಟ್ಟುಬಿಡೋಣ, ಹಳ್ಳಿಯವರಿಗೆ ಸತ್ಯವೀರನೊಬ್ಬ ಸಾಕು ಎಂದರು ಕೆಲವರು. ನಾನು ಒಪ್ಪಲಿಲ್ಲ. 1938–39ರಲ್ಲಿ ದೇಶಭ್ರಷ್ಟನಾಗಿದ್ದಾಗ ಬರೆದ ನಾಟಕವನ್ನು ಬ್ರೆಕ್ಟ್ 1945ರ ಹಿರೋಷಿಮಾದ ತರುವಾಯ ತಿದ್ದಿದನು. 1947ರಲ್ಲಿ ಅಮೆರಿಕದಲ್ಲಿ ಆಡಿದ ರೂಪದಲ್ಲಿ ನಾಯಕನ ಮೇಲಣ ತೀರ್ಪು ಕಠಿಣವಾಯಿತು. ಅಧಿಕಾರಕ್ಕೆ ಒಪ್ಪಿಸಿಬಿಟ್ಟ ಜ್ಞಾನ ಏನಾದೀತೆಂಬುದನ್ನು ಅವನು ಕಂಡಿದ್ದನು. ಹಾಗೆಂದು ನಾವು ನ್ಯಾಯಾಧೀಶರಾಗಿ ಕೂಡುವುದೂ ಸುಲಭವಲ್ಲ. 2015ರ ಆಗಸ್ಟ್ 30ರಂದು ಸಂಶೋಧಕ ಎಂ.ಎಂ. ಕಲಬುರ್ಗಿಯವರು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಹಿಂಸೆಯ ಉಪಕರಣಗಳನ್ನು ಕಂಡು ಹೆದರಿದ ಮುದುಕ ನಮಗೆ ದೂರದವನಲ್ಲ. ಈ ಇಕ್ಕಟ್ಟನ್ನು ಹಳ್ಳಿಯವರಿಂದ ಮುಚ್ಚಿಡುವುದು ಪ್ರೀತಿಯಲ್ಲ, ಅವರ ಬುದ್ಧಿಯ ಅವಮಾನ. ಧರ್ಮಸಂಕಟಗಳನ್ನು ಬಯಲಾಟದಲ್ಲಿ ಬೆಳತನಕ ಕುಳಿತು ಕೇಳಿದ ಜನವದು.

ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು 1976ರ ತಿದ್ದುಪಡಿ ಸಂವಿಧಾನದಲ್ಲಿ ಬರೆಯಿತು. ಕರ್ತವ್ಯವನ್ನು ಎಲ್ಲರ ಮೇಲೆ ಹೊರಿಸಿ, ಸಂದೇಹಿಸುವ ಹಕ್ಕನ್ನು ಮಾತ್ರ ಓದಿದವರು ಇಟ್ಟುಕೊಳ್ಳುವುದು ಯಾವ ನ್ಯಾಯ? ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಅವರಿಗೆ ತಿಳಿದೀತೇ ಎಂಬುದನ್ನು ಆಡಿಯೇ ನೋಡೋಣ. ಕಣ್ಣಿಟ್ಟು ನೋಡದೆ ತೀರ್ಪು ಕೊಟ್ಟ ಪಂಡಿತರ ಸಾಲಿನಲ್ಲಿ ನಾವು ನಿಲ್ಲುವುದು ಬೇಡ.