ಗಡಿ ಸುತ್ತುವ ಊರು, ಜವೆಗೋಧಿಯ ರೊಟ್ಟಿ

ಪ್ರವಾಸದ ಮಾತು ಬಂದಾಗ ನಮ್ಮ ಹಿರಿಯರು ಮೊದಲು ವಿಚಾರಿಸುತ್ತಿದ್ದುದು ಊಟದ ವ್ಯವಸ್ಥೆಯನ್ನು. ನೋಡತಕ್ಕ ಸ್ಥಳಗಳ ವಿಚಾರ ಆಮೇಲೆ. ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಮಗನು 2024ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಒಂದು ವಾರ ಹೋಗಿಬರೋಣವೆಂದಾಗ ನಾವು ಕೇಳಿದ್ದೂ ಅದನ್ನೇ. ಆತ ನಕ್ಕು, ಅಲ್ಲಿ ವಾರದ ಲೆಕ್ಕದಲ್ಲಿ ಇಡೀ ಮನೆಯೊಂದು ಬಾಡಿಗೆಗೆ ದೊರೆಯುತ್ತದೆ, ಒಲೆ, ಪಾತ್ರೆ, ಹಾಸಿಗೆ ಎಲ್ಲವೂ ಇರುತ್ತವೆ, ಅಡುಗೆ ಮಾತ್ರ ನಮ್ಮದು ಎಂದನು. ಇದಕ್ಕೆ ಅವರು ಸೆಲ್ಫ್ ಕೇಟರಿಂಗ್ ಎನ್ನುತ್ತಾರೆ. ನಮಗೆ ಸಮಾಧಾನವಾಯಿತು. ಆ ಅಡುಗೆಯನ್ನು ಮಾಡುವವರು ಯಾರೆಂಬ ಪ್ರಶ್ನೆ ಆಗ ನಮ್ಮ ಮನಸ್ಸಿಗೆ ಹೊಳೆಯಲಿಲ್ಲವೆಂಬುದನ್ನು ಸಂಕೋಚದಿಂದಲೇ ಇಲ್ಲಿ ಬರೆಯುತ್ತಿದ್ದೇವೆ.

ನಾವು ಇಳಿದುಕೊಂಡದ್ದು ಇಂಗ್ಲೆಂಡಿನ ಗಡಿಗೆ ಸಮೀಪದ ಲ್ಯಾಂಗಮ್ ಎಂಬ ಊರಿನ ಹೊರವಲಯದ ಕಲ್ಲಿನ ಮನೆಯಲ್ಲಿ. ಬರೆಯುವುದು ಲ್ಯಾಂಗ್‌ಹೋಮ್ ಎಂದು, ನುಡಿಯುವುದು ಲ್ಯಾಂಗಮ್ ಎಂದು. ಎಸ್ಕ್ ಎಂಬ ಹೊಳೆಯ ದಂಡೆಯ ಮೇಲಿನ ಈ ಊರಿನ ಜನಸಂಖ್ಯೆ ಎರಡು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಒಂದು ಕಾಲಕ್ಕೆ ಉಣ್ಣೆಯ ಗಿರಣಿಗಳಿಂದ ಹೆಸರಾಗಿತ್ತು. ಇಲ್ಲಿಗೆ ಬರುತ್ತಿದ್ದ ಪ್ರಯಾಣಿಕರ ರೈಲು 1964ರಲ್ಲಿಯೇ ನಿಂತುಹೋಗಿದೆ. ಹತ್ತಿರದ ದೊಡ್ಡ ನಿಲ್ದಾಣವೆಂದರೆ ಸುಮಾರು 20 ಮೈಲಿ ದೂರದ ಕಾರ್ಲೈಲ್.

ಹೋಗುವ ಬಂಧುಗಳಿಗೆ ಉಪಯೋಗವಾದೀತೆಂದು ಎರಡು ಮೂರು ಮಾತು. ಭಾರತದಿಂದ ಹಾಲಿನ ಪದಾರ್ಥಗಳನ್ನು ಆ ದೇಶದೊಳಕ್ಕೆ ಒಯ್ಯಲು ಅನುಮತಿಯಿಲ್ಲ. ತುಪ್ಪವೂ ಅದರಲ್ಲಿ ಸೇರಿತು. ಊರಿನಿಂದ ತಂದ ತುಪ್ಪದ ಡಬ್ಬಿಯನ್ನು ನಾವು ಬೆಂಗಳೂರಿನಲ್ಲಿಯೇ ಬಿಟ್ಟು ಹೋಗಬೇಕಾಯಿತು. ಆದರೆ ಅಲ್ಲಿಯ ಬೆಣ್ಣೆ ಬಹಳ ಒಳ್ಳೆಯದು. ಉಪ್ಪು ಬೆರೆಸದ ಬೆಣ್ಣೆಯನ್ನು ಕೇಳಿ ಕೊಂಡು ಕಾಯಿಸಿದರೆ ಅರ್ಧ ತಾಸಿನಲ್ಲಿ ಮನೆಯ ತುಪ್ಪವೇ ಸಿದ್ಧ. ಬಾಡಿಗೆಗೆ ಕೊಡುವ ಮನೆಗಳಿಗೆ ಈಗ ಸ್ಕಾಟ್ಲೆಂಡಿನಲ್ಲಿ ಪರವಾನಿಗೆ ಕಡ್ಡಾಯ. ಹಣ ಕೊಡುವ ಮುನ್ನ ಪರವಾನಿಗೆಯ ಸಂಖ್ಯೆಯನ್ನು ನೋಡಿಕೊಳ್ಳುವುದು ಲೇಸು. ಇನ್ನೊಂದು ಸಂಗತಿ, 2022ರ ಫೆಬ್ರುವರಿಯಿಂದ ಅಲ್ಲಿಯ ಪ್ರತಿಯೊಂದು ಮನೆಯಲ್ಲಿಯೂ ಹೊಗೆಯನ್ನು ಗುರುತಿಸುವ ಗಂಟೆಗಳು ಒಂದಕ್ಕೊಂದು ಜೋಡಿಸಲ್ಪಟ್ಟಿರಬೇಕೆಂಬ ಕಾನೂನು ಇದೆ. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಮೊದಲ ದಿನ ಒಣಮೆಣಸಿನಕಾಯಿಯ ಒಗ್ಗರಣೆಯ ಘಾಟು ಪಡಸಾಲೆಗೆ ಹೋದದ್ದೇ ತಡ, ಇಡೀ ಮನೆ ಬೊಬ್ಬೆಯಿಟ್ಟಿತು. ಪಕ್ಕದ ಮನೆಯ ವೃದ್ಧೆ ಗಾಬರಿಯಿಂದ ಓಡಿಬಂದರು. ಪರಿಚಯವಾದದ್ದು ಹಾಗೆ. ಅಂದಿನಿಂದ ಅಡುಗೆಮನೆಯ ಕದ ಮುಚ್ಚಿ, ಕಿಟಕಿ ತೆರೆದು ಒಗ್ಗರಣೆ ಹಾಕುವ ಕ್ರಮ ಜಾರಿಗೆ ಬಂತು.

ಇನ್ನು ಆ ನಾಡಿನ ಆಹಾರದ ವಿಚಾರ. ಶಾಕಾಹಾರಿಗಳಿಗೆ ಅಲ್ಲಿ ಏನೂ ದೊರೆಯದೆಂಬುದು ತಪ್ಪು ಕಲ್ಪನೆ. ನೋಡಿದ್ದೆಲ್ಲ ಶಾಕಾಹಾರವೆಂದು ನಂಬುವುದು ಅದಕ್ಕಿಂತ ದೊಡ್ಡ ತಪ್ಪು. ಒಂದು ಮಧ್ಯಾಹ್ನ ಮಳೆಗೆ ಸಿಕ್ಕು ಚಹಾದಂಗಡಿಯೊಂದನ್ನು ಹೊಕ್ಕೆವು. ಬೇಳೆಯ ಸೂಪು ಎಂದು ಬರೆದಿತ್ತು. ಬೇಳೆ ತಾನೇ ಎಂದು ತರಿಸಿ, ಮೊಮ್ಮಗಳು ಎರಡು ಚಮಚ ಕುಡಿದ ಮೇಲೆ ಸೊಸೆಗೆ ಸಂಶಯ ಬಂದು ವಿಚಾರಿಸಿದಳು. ಹಂದಿಯ ಮೂಳೆಯನ್ನು ಬೇಯಿಸಿದ ನೀರಿನಲ್ಲಿ ಮಾಡಿದ ಬೇಳೆ ಅದು. ಅವರು ಮೋಸ ಮಾಡಿದರೆಂದು ಹೇಳಲಾಗದು. ಆ ನಾಡಿನಲ್ಲಿ ಬೇಳೆಯ ಸೂಪನ್ನು ಹಾಗೆಯೇ ಮಾಡುವ ರೂಢಿಯಿದೆ. ಕೇಳದೆ ಹೋದದ್ದು ನಮ್ಮ ತಪ್ಪು. ಮಗು ಹೆದರಿ ನಮ್ಮ ಮುಖವನ್ನೇ ನೋಡುತ್ತಿತ್ತು. "ಏನೂ ಆಗಿಲ್ಲ ಕೂಸೇ, ಬಾಯಿ ಮುಕ್ಕಳಿಸಿ ಬಾ" ಎಂದೆವು. ಆದರೆ ಸೊಸೆ ಅಂದಿನಿಂದ ಹೊರಗಿನ ಊಟವೇ ಬೇಡವೆಂದು ಮೂರು ಹೊತ್ತೂ ಒಲೆಯ ಮುಂದೆ ನಿಂತಳು.

ಬನ್ನು, ಬಿಸ್ಕತ್ತು, ಪಾಯಸದಂಥ ಸಿಹಿಗಳಲ್ಲಿಯೂ ಹಂದಿಯ ಅಥವಾ ದನದ ಕೊಬ್ಬು ಇರುವುದುಂಟು. ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಕ್ಲೂಟಿ ಎಂಬ ಕಡುಬಿಗೆ ಸಾಂಪ್ರದಾಯಿಕವಾಗಿ ದನದ ಕೊಬ್ಬನ್ನೇ ಹಾಕುತ್ತಾರೆ. ನೆರೆಯೂರಾದ ಎಕ್ಲೆಫೆಕನ್ನಿನ ಹೆಸರಿನ ಒಣದ್ರಾಕ್ಷಿಯ ಸಿಹಿತಿನಿಸಿಗೆ ಮೊಟ್ಟೆ ಬೀಳುತ್ತದೆ. ಥಾಮಸ್ ಕಾರ್ಲೈಲ್ 1795ರಲ್ಲಿ ಜನಿಸಿದ್ದು ಆ ಊರಿನಲ್ಲಿಯೇ. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದಕ್ಕೆ ಕನ್ನಡಕ ಮರೆಯಬಾರದು.

ನಿಶ್ಚಿಂತೆಯಿಂದ ತಿನ್ನಬಹುದಾದವೂ ಬಹಳ ಇವೆ. ಓಟ್ಸಿನ ಗಂಜಿ ಅವರ ಅಂಬಲಿ. ಹಳಬರು ಅದಕ್ಕೆ ಸಕ್ಕರೆ ಸೇರಿಸರು, ನೀರು ಮತ್ತು ಉಪ್ಪು ಅಷ್ಟೇ. ಕಡಗೋಲಿನ ಹಿಡಿಯಂಥ ಕಟ್ಟಿಗೆಯ ಕೋಲಿನಿಂದ ಗಂಟುಕಟ್ಟದಂತೆ ತಿರುವುತ್ತಾರೆ. ಜುಲೈ ತಿಂಗಳು ರಾಸ್ಪ್‌ಬೆರಿ, ಸ್ಟ್ರಾಬೆರಿ ಹಣ್ಣುಗಳ ಸುಗ್ಗಿ. ಪೂರ್ವದ ಪರ್ತ್‌ಶೈರ್, ಆಂಗಸ್ ಸೀಮೆಗಳು ಇದಕ್ಕೆ ಪ್ರಸಿದ್ಧ. ಟ್ಯಾಬ್ಲೆಟ್ ಎಂದೊಂದು ಸಿಹಿಯಿದೆ. ಹೆಸರು ಕೇಳಿ ಔಷಧವೆಂದು ತಿಳಿಯಬಾರದು. ಸಕ್ಕರೆ, ಬೆಣ್ಣೆ, ಗಟ್ಟಿಹಾಲು ಕಾಯಿಸಿ, ಹರಳುಗಟ್ಟುವವರೆಗೆ ಗೊಟಾಯಿಸಿ ಬಿಲ್ಲೆ ಕತ್ತರಿಸುತ್ತಾರೆ. ನಮ್ಮ ಧಾರವಾಡದ ಪೇಡೆಯ ದೂರದ ದಾಯಾದಿಯೆನ್ನಬಹುದು. ಆ ನಾಡಿನ ಹೆಸರಾಂತ ಹ್ಯಾಗಿಸ್ ಕುರಿಯ ಹೃದಯ, ಯಕೃತ್ತು, ಶ್ವಾಸಕೋಶಗಳಿಂದ ಮಾಡುವಂಥದು. ಆದರೆ ಎಡಿನ್‌ಬರೋದ ಮಾಂಸದ ವ್ಯಾಪಾರಿಗಳಾದ ಮ್ಯಾಕ್‌ಸ್ವೀನ್ ಮನೆತನದವರೇ 1984ರಲ್ಲಿ ಓಟ್ಸ್, ಕಾಳು, ತರಕಾರಿಗಳಿಂದ ಶಾಕಾಹಾರಿ ಹ್ಯಾಗಿಸನ್ನು ಮಾರಾಟಕ್ಕೆ ತಂದರೆಂಬುದು ಗಮನಾರ್ಹ. ನಾವು ರುಚಿ ನೋಡಿದೆವು. ಮೆಣಸಿನ ಖಾರ ನಾಲಗೆಗೆ ಹಿಡಿಸಿತು. ಜೊತೆಗೆ ಹಿಸುಕಿದ ಆಲೂಗಡ್ಡೆ, ಹಳದಿ ಟರ್ನಿಪ್.

ಬೇಸಿಗೆ ಬಂತೆಂದರೆ ಆ ನಾಡಿನಲ್ಲಿ ಊರೂರಿಗೂ ಹಬ್ಬ. ಉತ್ತರದ ಬೆಟ್ಟಸೀಮೆಯಲ್ಲಿ ಮರದ ದಿಮ್ಮಿ ಎತ್ತಿ ಎಸೆಯುವ, ಗುಂಡು ಬೀಸುವ, ಹಗ್ಗ ಜಗ್ಗುವ ಆಟಗಳು. ಅವುಗಳಲ್ಲಿ ಪ್ರಖ್ಯಾತವಾದ ಬ್ರೀಮಾರಿನ ಕೂಟ ಸೆಪ್ಟೆಂಬರಿನ ಮೊದಲ ಶನಿವಾರ. ಎಡಿನ್‌ಬರೋದಲ್ಲಿ 1947ರಿಂದ ನಡೆದುಬಂದ ಕಲೋತ್ಸವ ಆಗಸ್ಟಿನಲ್ಲಿ. ಅದರ ವಿಚಾರ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ನಮಗೆ ಹೇಳಬೇಕೆನಿಸಿರುವುದು ಗಡಿಸೀಮೆಯ ಊರುಗಳಲ್ಲಿ ಜೂನಿನಿಂದ ಆಗಸ್ಟಿನವರೆಗೆ ನಡೆಯುವ ಗಡಿ ಸುತ್ತುವ ಹಬ್ಬಗಳನ್ನು ಕುರಿತು. ಹಾವಿಕ್, ಸೆಲ್ಕರ್ಕ್ ಮೊದಲಾದ ಊರುಗಳದು ಜೂನಿನಲ್ಲಿ. ಲ್ಯಾಂಗಮ್ಮಿನದು ಜುಲೈ ತಿಂಗಳ ಕೊನೆಯ ಶುಕ್ರವಾರ.

ಇದರ ಮೂಲ ಒಂದು ಹೊಲದ ವ್ಯಾಜ್ಯ. ಊರಿನ ಸಾಮೂಹಿಕ ಭೂಮಿಯ ಗಡಿಯನ್ನು ಕುರಿತು ನಡೆದ ಮೊಕದ್ದಮೆಯು 1759ರಲ್ಲಿ ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಅಂದಿನಿಂದ ವರ್ಷಕ್ಕೊಮ್ಮೆ ಗಡಿಯನ್ನು ನಡೆದು ನೋಡಿ, ಗುರುತಿನ ಗುಂಡಿಗಳನ್ನು ಸರಿಪಡಿಸಿ, ಇದು ನಮ್ಮ ಊರಿನದೆಂದು ಸಾರಿ ಹೇಳುವ ರೂಢಿ. ಮೊದಮೊದಲು ಕಾಲುನಡಿಗೆಯಲ್ಲಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಕುದುರೆಯೇರಿತು. ಹಕ್ಕನ್ನು ಕಾಗದದಲ್ಲಿಟ್ಟು ಮರೆಯದೆ ಕಾಲಿನಿಂದ ತುಳಿದು ಉಳಿಸಿಕೊಂಡ ಜನ ಇವರು. ಸುತ್ತಲಿನ ಬಹುಪಾಲು ಭೂಮಿ ಮಾತ್ರ ಬಕ್ಲೂ ಡ್ಯೂಕನ ಮನೆತನದ್ದಾಗಿ ಉಳಿದಿತ್ತು. ಆ ಎಸ್ಟೇಟು ಭೂಮಿಯನ್ನು ಮಾರಾಟಕ್ಕಿಟ್ಟಾಗ ಊರಿನ ಸಂಸ್ಥೆಯೊಂದು ಊರೂರು ಹಣ ಕೂಡಿಸಿ, 2021ರಲ್ಲಿ 38 ಲಕ್ಷ ಪೌಂಡಿಗೆ 5,200 ಎಕರೆಯನ್ನೂ, 2022ರಲ್ಲಿ 22 ಲಕ್ಷ ಪೌಂಡಿಗೆ ಇನ್ನೂ 5,300 ಎಕರೆಯನ್ನೂ ಕೊಂಡುಕೊಂಡಿತು. ಎರಡು ಸಾವಿರ ಜನರ ಊರು! ಅದೀಗ ಟ್ಯಾರಸ್ ಕಣಿವೆಯ ಪ್ರಕೃತಿಧಾಮ.

ಹಬ್ಬದ ದಿನ ಬೆಳಗಿನ ಐದು ಗಂಟೆಗೆ ಕೊಳಲಿನ ಮೇಳವೊಂದು ಬೀದಿಬೀದಿಯಲ್ಲಿ ನುಡಿಸುತ್ತ ಊರನ್ನೆಬ್ಬಿಸುತ್ತದೆ. ಆ ವರ್ಷದ ಹಬ್ಬ ಬಿದ್ದದ್ದು ಜುಲೈ 26ಕ್ಕೆ. ಹಿಂದಿನ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿದ್ದುದರಿಂದ ಮಲಗಿದ್ದೇ ತಡವಾಗಿ. ನಾಲ್ಕು ಗಂಟೆಗೆ ಎಚ್ಚರವಾದಾಗ ಅಡುಗೆಮನೆಯಿಂದ ತಟ್ ತಟ್ ಎಂಬ ಸಪ್ಪಳ. ಸೊಸೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾವೆಲ್ಲ ದಿನವಿಡೀ ಹೊರಗಿರುವವರು, ಬುತ್ತಿ ಬೇಕಲ್ಲ!

ಆ ಸಪ್ಪಳವನ್ನು ನಾವು ಜೀವಮಾನವಿಡೀ ಕೇಳುತ್ತ ಬಂದಿದ್ದೇವೆ. ಅಂದು ಮಾತ್ರ ಅದು ಬೇರೆಯಾಗಿ ಕೇಳಿಸಿತು. ವಾರವೆಲ್ಲ ರಜೆಯಲ್ಲಿದ್ದವರು ನಾವು, ಮಗ, ಮೊಮ್ಮಗಳು. ಆಹಾರದ ನೇಮ ನಮ್ಮದು, ಅದರ ಭಾರ ಆಕೆಯದು. ಎದ್ದು ಹೋಗಿ, "ಇವತ್ತು ನೀನು ಕುದುರೆ ನೋಡಲು ಹೋಗು, ಅಡುಗೆ ನಮಗೆ ಬಿಡು" ಎಂದೆವು.

"ಮಾವಾರ, ನೀವು ಕೂಡ್ರಿ. ಎರಡ ರೊಟ್ಟಿ ಉಳದಾವರಿ" ಎಂದಳು.

"ಮಠದಾಗ ಹತ್ತು ವರ್ಷ ನೂರು ಮಂದಿಗೆ ನುಚ್ಚು ತಿರುವಿದವರು ನಾವು."

"ಅದು ಐವತ್ತು ವರ್ಷದ ಹಿಂದಿನ ಮಾತ್ರಿ" ಎಂದು ಆಕೆ ನಕ್ಕಳು. ಮಾತು ಸತ್ಯವೇ. ಆದರೂ ಕೈ ಮರೆತಿರಲಿಲ್ಲ. ಬೆಳಗಿನ ಮೆರವಣಿಗೆಯನ್ನು ಎಲ್ಲರೂ ಕೂಡಿ ನೋಡುವುದು, ಮಧ್ಯಾಹ್ನ ನಾವು ಹಿಂದಿರುಗಿ ರಾತ್ರಿಯ ಅಡುಗೆ ಮಾಡುವುದು ಎಂದು ಒಪ್ಪಂದವಾಯಿತು.

ಎಂಟೂವರೆಗೆ ಪುರಭವನದ ಮುಂದೆ, ಊರಿನವರು ಮತ ಹಾಕಿ ಆರಿಸಿದ ತರುಣನೊಬ್ಬನಿಗೆ ಧ್ವಜವನ್ನು ಒಪ್ಪಿಸುತ್ತಾರೆ. ಆತನಿಗೆ ಕಾರ್ನೆಟ್ ಎಂದು ಹೆಸರು. ಸಂಜೆ ಧ್ವಜವನ್ನು ಮರಳಿ ತಂದೊಪ್ಪಿಸುವವರೆಗೆ ಊರಿನ ಮಾನ ಆತನ ಕೈಯಲ್ಲಿ. ಆ ವರ್ಷದ ಎಪ್ಸಮ್ ಡರ್ಬಿ ಪಂದ್ಯದಲ್ಲಿ ಗೆದ್ದ ಕುದುರೆಯ ಸವಾರನ ಉಡುಪಿನ ಬಣ್ಣಗಳೇ ಊರಿಗೆಲ್ಲ ಆ ಹಬ್ಬದ ಬಣ್ಣ. ಧ್ವಜ ಹಿಡಿದ ಕಾರ್ನೆಟ್ಟಿನ ಹಿಂದೆ ಕುದುರೆಗಳು ಚರ್ಚಿನ ಓಣಿಯೆಂಬ ಇಕ್ಕಟ್ಟಾದ ಏರನ್ನು ನಾಗಾಲೋಟದಿಂದ ಏರುವುದನ್ನು ಕಂಡಾಗ ಎದೆ ಝಲ್ಲೆಂದಿತು. ಕುದುರೆಯ ಬೆನ್ನ ಮೇಲೆ ನೆಟ್ಟಗೆ ನಿಂತು ಡಂಗುರ ಸಾರುವ ಮನುಷ್ಯನೊಬ್ಬನಿದ್ದಾನೆ. ಜಾತ್ರೆಯಲ್ಲಿ ಗಲಭೆ ಮಾಡುವವರ ಕಿವಿಗೆ ಮೊಳೆ ಹೊಡೆಯಲಾಗುವುದೆಂಬ ಪುರಾತನ ಎಚ್ಚರಿಕೆಯನ್ನು ಇಂದಿಗೂ ಸಾರುತ್ತಾನೆ. ಮಕ್ಕಳು ಹೆದರ್ ಗಿಡದ ಪೊರಕೆಗಳನ್ನು ಎತ್ತಿಹಿಡಿದು ನಡೆಯುತ್ತಾರೆ. ಅವರಿಗೊಂದು ನಾಣ್ಯದ ಕಾಣಿಕೆ.

ಮೆರವಣಿಗೆಯ ಲಾಂಛನಗಳು ನಾಲ್ಕು. ಗಡಿಯ ಮಣ್ಣು ಅಗೆಯುವ ಸಲಿಕೆ, ಎತ್ತರದ ಮುಳ್ಳುಗಿಡದ ಹೂವು, ಹೂವಿನ ಕಿರೀಟ, ಮತ್ತು ಕೋಲಿನ ತುದಿಯ ಕಟ್ಟಿಗೆಯ ತಟ್ಟೆಗೆ ಮೊಳೆಯಿಂದ ಹೊಡೆದ ಜವೆಗೋಧಿಯ ರೊಟ್ಟಿ, ಅದರ ಮೇಲೊಂದು ಉಪ್ಪುಹಚ್ಚಿದ ಹೆರಿಂಗ್ ಮೀನು. "ಅಜ್ಜಾ, ರೊಟ್ಟಿಗೆ ಯಾಕ ಮೊಳಿ ಹೊಡದಾರ?" ಎಂದು ಮೊಮ್ಮಗಳು ಕೇಳಿದಳು. ಕುದುರೆ ಓಡುವಾಗ ಬೀಳಬಾರದಲ್ಲ ಎಂದೆವು. ಬಡವರ ಊಟವನ್ನು ಧ್ವಜದ ಸಮಕ್ಕೆ ಎತ್ತಿ ಮೆರೆಸುವ ಹಬ್ಬವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಸವಾರರು ಏರುವ ವ್ಹಿಟಾ ಗುಡ್ಡದ ನೆತ್ತಿಯ ಮೇಲೆ 100 ಅಡಿಯ ಕಲ್ಲಿನ ಸ್ತಂಭವಿದೆ. ಯಾರದೆಂದು ವಿಚಾರಿಸಿದರೆ, ಸರ್ ಜಾನ್ ಮಾಲ್ಕಮ್. 1769ರಲ್ಲಿ ಈ ಕಣಿವೆಯಲ್ಲಿ ಹುಟ್ಟಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಮೈಸೂರಿನ ವ್ಯವಸ್ಥೆಗೆಂದು ನೇಮಿಸಿದ ಆಯೋಗಕ್ಕೆ ಥಾಮಸ್ ಮನ್ರೋ ಜೊತೆ ಕಾರ್ಯದರ್ಶಿಯಾಗಿದ್ದವನು. 1827ರಿಂದ 1830ರವರೆಗೆ ಮುಂಬಯಿಯ ಗವರ್ನರ್. ನಮ್ಮ ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದ್ದು 1829ರಲ್ಲಿ. ಸಂಗೊಳ್ಳಿ ರಾಯಣ್ಣ ಸೆರೆ ಸಿಕ್ಕದ್ದು 1830ರಲ್ಲಿ. ತನ್ನ ಊರಿನವರು ಹಸುರು ಗಡಿಯ ಹಕ್ಕನ್ನು ವರ್ಷವರ್ಷವೂ ಕುದುರೆಯೇರಿ ಸಾರುತ್ತಿದ್ದ ಕಾಲದಲ್ಲಿಯೇ ಈತನ ಸರಕಾರ ಕಿತ್ತೂರಿನವರ ಹಕ್ಕನ್ನು ಮಣ್ಣುಗೂಡಿಸಿತ್ತು. ಸ್ವಲ್ಪ ಹೊತ್ತು ನಾವು ಆ ಗುಡ್ಡವನ್ನು ನೋಡುತ್ತ ನಿಂತೆವು. ಮೊಮ್ಮಗಳಿಗೆ ಚೆನ್ನಮ್ಮನ ಕಥೆಯನ್ನು ಅಲ್ಲಿಯೇ, ಆ ಸ್ತಂಭದ ಎದುರಿಗೇ ಹೇಳಿದೆವು.

ಮಧ್ಯಾಹ್ನ ಸೊಸೆ, ಮಗ, ಮಗು ಹೊಳೆಯ ಬಯಲಿನ ಕುದುರೆ ಪಂದ್ಯಕ್ಕೂ ಕುಸ್ತಿಗೂ ಹೋದರು. ನಾವು ಮನೆಗೆ ಬಂದೆವು. ಪಕ್ಕದ ಮನೆಯ ವೃದ್ಧೆ ಬಾಗಿಲಲ್ಲಿ ನಿಂತು, ಕೈಯಲ್ಲಿ ತಟ್ಟೆ ಹಿಡಿದಿದ್ದರು. ಜವೆಗೋಧಿಯ ಹಿಟ್ಟು, ಮಜ್ಜಿಗೆ, ಉಪ್ಪು, ಸೋಡಾ, ಬೇರೇನೂ ಇಲ್ಲ, ಕೊಬ್ಬು ಇಲ್ಲ ಎಂದು ತಾವಾಗಿಯೇ ಹೇಳಿದರು. ಸೂಪಿನ ಸಂಗತಿಯನ್ನು ಸೊಸೆ ಅವರಿಗೆ ತಿಳಿಸಿದ್ದಳೆಂದು ಕಾಣುತ್ತದೆ. ಹಂಚಿನ ಮೇಲೆ ಸುಟ್ಟ, ಬೆರಳಿನಷ್ಟು ದಪ್ಪನೆಯ, ಬೂದುಬಣ್ಣದ ರೊಟ್ಟಿ ಅದು. ಬಾಯಲ್ಲಿಟ್ಟಾಗ ಸ್ವಲ್ಪ ಹುಳಿ, ಸ್ವಲ್ಪ ಮಣ್ಣಿನ ವಾಸನೆ. ಶೇಂಗಾ ಚಟ್ನಿಯೊಡನೆ ಬಹಳ ಸೊಗಸಾಗಿತ್ತು. ಅವರಿಗೂ ಚಟ್ನಿ ಹಾಕಿಕೊಟ್ಟೆವು. ಕಣ್ಣಲ್ಲಿ ನೀರು ಬಂತು, ಆದರೆ ಇನ್ನೊಮ್ಮೆ ಕೈ ಚಾಚಿದರು.

ಅನ್ನ, ಟರ್ನಿಪ್ಪಿನ ಪಲ್ಯ, ತೊಗರಿಬೇಳೆಯ ಸಾರು ಮಾಡಿದೆವು. ಅನ್ನದ ತಳ ಹತ್ತಿತು. ಒಗ್ಗರಣೆಯ ಹೊತ್ತಿಗೆ ಕದ ಮುಚ್ಚಲು ಮರೆತು, ಮತ್ತೆ ಇಡೀ ಮನೆಯ ಗಂಟೆಗಳು ಕೂಗಿದವು. ಈ ಸಲ ಪಕ್ಕದ ಮನೆಯವರು ಬರಲಿಲ್ಲ, ತಮ್ಮ ಕಿಟಕಿಯಿಂದಲೇ ಕೈ ಬೀಸಿದರು. ಧ್ವಜ ಮರಳಿ ಒಪ್ಪಿಸುವುದನ್ನು ನೋಡಿಕೊಂಡು ಸೊಸೆ ಮನೆಗೆ ಬಂದಾಗ ಒಂಬತ್ತು ದಾಟಿತ್ತು. ಪೋಲ್ಕಾ ಎಂಬ ಕುಣಿತದಲ್ಲಿ ಊರಿನ ಹೆಂಗಸರು ಕೈಹಿಡಿದು ಎಳೆದುಕೊಂಡರಂತೆ, ಕಾಲು ನೋಯುತ್ತಿವೆ ಎನ್ನುತ್ತ ಕುಳಿತಳು. ತಟ್ಟೆ ಮುಂದಿಟ್ಟೆವು. ತಳ ಹತ್ತಿದ ಅನ್ನದ ವಾಸನೆ ಆಕೆಗೆ ಬಂದೇ ಇರಬೇಕು. ಏನೂ ಹೇಳದೆ ಎರಡು ಸಲ ಹಾಕಿಸಿಕೊಂಡು ಉಂಡಳು.